ಮಂಚದಿಂದ ಇಳಿದವಳು

"ಮಂಚ ಹತ್ತಮ್ಮಾ, ಮಂಚ! ನೆಲದ ಮೇಲೇನು ಚಿನ್ನ ಬಿದ್ದಿದೆಯಾ?"

ನರ್ಸಮ್ಮ ಗದರಿಸಿದ್ದು ಇದು ಮೂರನೇ ಸಲ. ಹೆರಿಗೆ ಕೋಣೆಯ ನೆಲದಲ್ಲಿ ಮಂಡಿಯೂರಿ, ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಹೆಂಗಸಿಗೆ ಆ ಮಾತು ಅರ್ಥವಾಗುವಂತಿರಲಿಲ್ಲ. ಅವಳು ದೂರದ ಬೇರೆ ದೇಶದವಳು. ಗಂಡ ಇಲ್ಲಿನ ಬಟ್ಟೆ ಕಾರ್ಖಾನೆಗೆ ಸೇರಿ ಆರು ತಿಂಗಳಾಗಿತ್ತಷ್ಟೆ. ಕಲಿತಿದ್ದ ನಾಲ್ಕು ಕನ್ನಡ ಮಾತೂ ಗಾಬರಿಗೆ ಮರೆತುಹೋಗಿ ಅವನು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳಗೆ ಜೊತೆಗಿದ್ದವಳು ಅವಳ ತಾಯಿ. ಗಿಡ್ಡ ಆಳು, ನೆರೆತ ಜಡೆ, ಮೊಣಕೈಯವರೆಗೆ ಮಡಿಚಿದ ತೋಳು. ಮಗಳನ್ನು ಮಂಚದಿಂದ ಇಳಿಸಿದವಳು ಆ ಅಜ್ಜಿಯೇ.

"ಒಳ್ಳೇ ಕಾಡಿನೋರ ಥರ ಆಡ್ತಾರಲ್ಲ ಸಿಸ್ಟರೇ," ಎಂದಳು ಆಯಾ.

ಇಪ್ಪತ್ತೆಂಟು ವರ್ಷದ ಸರ್ವಿಸು ನರ್ಸಮ್ಮನದು. ಎಷ್ಟೋ ಡಾಕ್ಟರುಗಳು ಅವಳ ಕಣ್ಣೆದುರಿಗೇ ಪಳಗಿ ದೊಡ್ಡವರಾಗಿದ್ದರು. ಅವಳ ಪ್ರಕಾರ ಹೆರಿಗೆಗೆ ಇದ್ದದ್ದು ಒಂದೇ ದಾರಿ: ಬೆನ್ನು ಮಂಚಕ್ಕೆ, ಕಣ್ಣು ಸೂರಿಗೆ, ಕಿವಿ ನರ್ಸಮ್ಮನ ಮಾತಿಗೆ. ಇವಳನ್ನೂ ಬೆಳಗಿನಿಂದ ಹಾಗೇ ಮಲಗಿಸಿದ್ದಾಗಿತ್ತು. ಆದರೆ ಮಗುವಿನ ತಲೆ ತಿರುಗಬೇಕಾದ ಕಡೆಗೆ ತಿರುಗದೆ, ಎರಡು ಗಂಟೆ ಹೊತ್ತಿನಿಂದ ಇದ್ದಲ್ಲೇ ಇತ್ತು. "ಮಗು ಎದೆಬಡಿತ ಚೆನ್ನಾಗಿದೆ. ಅರ್ಧ ಗಂಟೆ ನೋಡೋಣ, ಆಗಲಿಲ್ಲ ಅಂದ್ರೆ ಆಪರೇಷನ್ನು," ಎಂದು ಡಾಕ್ಟರಮ್ಮ ಆಗತಾನೆ ಪಕ್ಕದ ಕೋಣೆಗೆ ಹೋಗಿದ್ದಳು.

ಅಜ್ಜಿಯನ್ನು ಹೊರಗೆ ಕಳಿಸಿಬಿಡಬೇಕೆಂದು ನರ್ಸಮ್ಮ ಮುಂದೆ ಹೋದಳು. ಹೋದವಳು ಅಲ್ಲೇ ನಿಂತಳು. ಅಜ್ಜಿ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಿದ್ದಳು. ಗಾಬರಿಬಿದ್ದ ತಾಯಂದಿರು ಸವರುವ ಹಾಗೆ ಸವರುತ್ತಿರಲಿಲ್ಲ. ಬೆರಳ ತುದಿಗಳು ಮೊದಲು ಮಗುವಿನ ಬೆನ್ನು, ಆಮೇಲೆ ಭುಜ, ಕೊನೆಗೆ ತಲೆಯನ್ನು ಹುಡುಕುತ್ತ ಇಳಿದವು. ನೋವು ಬಂದಾಗ ತಡೆದು, ಹೋದಮೇಲೆ ಮುಂದುವರಿದವು. ಆಮೇಲೆ ಅಜ್ಜಿ ನರ್ಸಮ್ಮನತ್ತ ತಿರುಗಿ, ಎಡಗೈ ಬೊಗಸೆಯಲ್ಲಿ ಬಲಗೈ ಮುಷ್ಟಿಯನ್ನು ಇಟ್ಟು ತೋರಿಸಿದಳು: ತಲೆ ಹೀಗಿದೆ. ಮುಷ್ಟಿಯನ್ನು ನಿಧಾನವಾಗಿ ಹೊರಳಿಸಿದಳು: ಹೀಗಾಗಬೇಕು. ಮಂಡಿಯೂರಿದ ಮಗಳನ್ನು ತೋರಿಸಿ ಮತ್ತೊಮ್ಮೆ ಹೊರಳಿಸಿದಳು.

ಒಂದು ಗಂಟೆಯ ಹಿಂದೆ ಗ್ಲೌಸು ಹಾಕಿ ಪರೀಕ್ಷಿಸಿದಾಗ ನರ್ಸಮ್ಮನ ಬೆರಳಿಗೆ ಸಿಕ್ಕಿದ್ದೂ ಅದೇ.

"ಅಯ್ಯೋ, ಇವರೂ ನಮ್ಮ ಕೆಲಸದೋರೇ ಕಣೇ, ಸೂಲಗಿತ್ತಿ!" ಎಂದಳು ಆಯಾಳಿಗೆ.

ಗೊತ್ತಾಯಿತು ಸರಿ, ಮುಂದೆ? ನೆಲದ ಮೇಲೆ ಏನಾದರೂ ಹೆಚ್ಚುಕಮ್ಮಿಯಾದರೆ ಅದು ಬರುವುದು ತನ್ನ ಕೊರಳಿಗೇ. ಅವಳು ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತು ಡಾಕ್ಟರಮ್ಮನಿಗೆ ವಿಷಯ ಹೇಳಿದಳು.

"ನಿಮಗೆ ಸರಿ ಅನ್ಸುತ್ತಾ ಸಿಸ್ಟರ್?"

"ಗೊತ್ತಿಲ್ಲ ಡಾಕ್ಟ್ರೇ. ನಾನ್ಯಾವತ್ತೂ ಮಾಡಿಲ್ಲ."

ಈ ವಾರ್ಡಿನಲ್ಲಿ ಅವಳ ಬಾಯಿಂದ 'ಗೊತ್ತಿಲ್ಲ' ಎಂಬ ಮಾತು ಬಂದು ಎಷ್ಟು ವರ್ಷವಾಗಿತ್ತೋ. ಡಾಕ್ಟರಮ್ಮ, "ಸರಿ, ಮಾಡಿ ನೋಡಿ. ಬಡಿತ ಐದೈದು ನಿಮಿಷಕ್ಕೆ ನೋಡ್ತಿರಿ. ಸ್ವಲ್ಪ ಇಳಿದ್ರೂ ಕರೀರಿ," ಎಂದಳು.

ನರ್ಸಮ್ಮ ಹಾಸಿಗೆಯನ್ನು ನೆಲಕ್ಕೆ ಎಳೆಸಿದಳು, ಅದರ ಮೇಲೆ ಒಗೆದ ಬಟ್ಟೆ ಹಾಸಿದಳು. ಇನ್ನು ತಾನು ಕೂರಬೇಕಲ್ಲ! ಒಂದು ಕೈ ಗೋಡೆಗೆ, ಇನ್ನೊಂದು ಆಯಾಳ ಹೆಗಲಿಗೆ ಕೊಟ್ಟು ಕುಸಿಯುವಾಗ ಎರಡೂ ಮಂಡಿ ಲಟಲಟ ಅಂದವು. ಆ ಸದ್ದಿಗೆ ಅಜ್ಜಿ ನಕ್ಕು, ತನ್ನ ಮಂಡಿಯನ್ನೂ ತಟ್ಟಿ ತೋರಿಸಿದಳು. ನೋವಿನ ನಡುವೆಯೂ ಮಗಳ ಮುಖದಲ್ಲಿ ನಗೆ ಸುಳಿಯಿತು.

ಅಜ್ಜಿ ಮಗಳ ಸೊಂಟವನ್ನು ಎರಡೂ ಬದಿಯಿಂದ ಒತ್ತಿ ತೂಗಿದಳು. ನರ್ಸಮ್ಮ ಹೊಟ್ಟೆಗೆ ಸ್ಟೆತಸ್ಕೋಪು ಇಟ್ಟು ಮಗುವಿನ ಬಡಿತ ಕೇಳಿದಳು, ಮತ್ತೆ ಕೇಳಿದಳು. ನಾಲ್ಕನೇ ಸಲ ಕೇಳಲು ಹೋದರೆ ಬಡಿತ ಸಿಗಬೇಕಾದ ಜಾಗದಲ್ಲಿ ಸಿಗಲಿಲ್ಲ. ಡಾಕ್ಟರಮ್ಮನನ್ನು ಕರೆಯಲು ಬಾಯಿ ತೆರೆದಳು. ಅಜ್ಜಿ ಅವಳ ಕೈಹಿಡಿದು ನಾಲ್ಕು ಬೆರಳಗಲ ಕೆಳಕ್ಕೆ ಸರಿಸಿದಳು. ಅಲ್ಲಿತ್ತು, ಗಟ್ಟಿಯಾಗಿ, ಟಕಟಕ. ಮಗು ತಿರುಗಿ ಇಳಿದಿತ್ತು.

ಆಮೇಲಿನದು ಇಪ್ಪತ್ತು ನಿಮಿಷದ ಕೆಲಸ. "ಮುಕ್ಕು ತಾಯೀ, ಮುಕ್ಕು," ಎಂದು ನರ್ಸಮ್ಮ ತನ್ನ ಭಾಷೆಯಲ್ಲಿ, ಅಜ್ಜಿ ತನ್ನ ಭಾಷೆಯಲ್ಲಿ ಒಟ್ಟಿಗೇ ಕೂಗಿದರು. ಡಾಕ್ಟರಮ್ಮ ಒಳಗೆ ಬರುವಷ್ಟರಲ್ಲಿ ಹೆಣ್ಣುಮಗು ನರ್ಸಮ್ಮನ ಕೈಗೆ ಜಾರಿ, ಸೂರು ಕಿತ್ತುಹೋಗುವ ಹಾಗೆ ಅತ್ತಿತು. ಆಯಾ ಯಾರೂ ಹೇಳದೆಯೇ ಅಜ್ಜಿಗೊಂದು ಕುರ್ಚಿ ತಂದು ಹಾಕಿದಳು.

ಎಲ್ಲ ಮುಗಿದಮೇಲೆ ಇಬ್ಬರೂ ಒಂದೇ ನಲ್ಲಿಯಡಿ ಕೈ ತೊಳೆಯುತ್ತಿದ್ದಾಗ, ನರ್ಸಮ್ಮ ಮಗುವಿನ ಕಡೆ ಗಲ್ಲ ಎತ್ತಿ ಕೇಳಿದಳು: "ಇದಕ್ಕೆ ನಮ್ಮಲ್ಲಿ ಮಗು ಅಂತೀವಿ. ನಿಮ್ಮಲ್ಲಿ ಏನಂತೀರಿ?"

ಅಜ್ಜಿ ಒಂದು ಪದ ಹೇಳಿದಳು. ನರ್ಸಮ್ಮ ಅದನ್ನು ಹೇಳಹೋದರೆ ನಾಲಿಗೆ ಹೊರಳಲಿಲ್ಲ. ಅಜ್ಜಿ ತಲೆಯಾಡಿಸಿ, ತುಟಿ ದುಂಡಗೆ ಮಾಡಿ, ಇನ್ನೊಮ್ಮೆ ಹೇಳಿಕೊಟ್ಟಳು.

ಸಂಜೆಯ ಬಸ್ಸಿನಲ್ಲಿ ನರ್ಸಮ್ಮನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತುಟಿ ದುಂಡಗೆ ಮಾಡಿ, ಅವಳು ಆ ಪದವನ್ನು ಮೆಲ್ಲಗೆ ಹೇಳಿಕೊಂಡಳು. ಪಕ್ಕದಲ್ಲಿ ಕೂತಿದ್ದವಳು ತಿರುಗಿ ನೋಡಿದಳು. ನರ್ಸಮ್ಮ ಕಿಟಕಿಯ ಕಡೆ ಮುಖ ಮಾಡಿ, ಈ ಸಲ ಇನ್ನೂ ನಿಧಾನವಾಗಿ, ಮತ್ತೊಮ್ಮೆ ಹೇಳಿದಳು.