ಸೊಯ್ಲಾಳ ಹಾಲಿನ ಬೆಲೆ

ಆಬ್ದೋನ್ ಚಿಲುಯಿಸಾ ಆ ಸಭೆಗೆ ಹೋಗುವುದೇ ಬೇಡವೆಂದಿದ್ದ. ಆದರೆ ಉಳಿತಾಯ ಸಂಘದವರು ಹಾಲು ಹಾಕುವ ಮನೆಗಳವರಿಗೆಲ್ಲ ಹೇಳಿಕಳಿಸಿದ್ದರು: ಗಂಡ ಹೆಂಡತಿ ಇಬ್ಬರೂ ಬರಬೇಕು, ಜೋಡಿಯಾಗಿ ಬಂದವರಿಗೆ ಮಾತ್ರ ಅರ್ಧ ಬೆಲೆಗೆ ಅಲ್ಯುಮಿನಿಯಂ ಕ್ಯಾನು. ಸೊಯ್ಲಾಗೆ ಕ್ಯಾನು ಬೇಕೇ ಬೇಕಿತ್ತು.

"ನಮ್ಮ ಹಾಲು ಕೆಡೋದು ಈ ಪ್ಲಾಸ್ಟಿಕ್ ಕ್ಯಾನಿಂದ್ಲೇ ಇರ್ಬೇಕು. ಎಷ್ಟು ಉಜ್ಜಿದ್ರೂ ವಾಸನೆ ಹೋಗಲ್ಲ. ಹೊಸದು ಬಂದ್ರೆ ಲೀಟರಿಗೆ ಆ ಮೂರು ಸೆಂಟ್ ಹಿಡಿಯೋದು ನಿಂತೀತು," ಎಂದಳು ಅವಳು.

ಆಬ್ದೋನ್ ಟೋಪಿ ಸರಿಮಾಡಿಕೊಳ್ಳುವವನಂತೆ ಮುಖ ತಿರುಗಿಸಿದ. ಹಾಲಿನ ಕೇಂದ್ರದವರು ಮೂರು ಸೆಂಟ್ ಹಿಡಿದೇ ಇರಲಿಲ್ಲ. ಅದನ್ನು ಹಿಡಿಯುತ್ತಿದ್ದವನು ಅವನೇ.

ಅದು ಶುರುವಾಗಿ ಮೂರು ವರ್ಷವಾಗಿತ್ತು. ಇಗರ್ಜಿಯ ಹಿಂದಿನ ಅಂಗಳದಲ್ಲಿ ಭಾನುವಾರ ಮೂರು ಮೂರು ಜನರ ವಾಲಿಬಾಲ್ ಆಟ, ಆಟದ ಮೇಲೆ ದುಡ್ಡಿನ ಬಾಜಿ. ಒಂದು ಭಾನುವಾರ ಅವನು ಕೇಂದ್ರದಿಂದ ತಂದ ಹಾಲಿನ ದುಡ್ಡಿನಲ್ಲಿ ಹದಿನೆಂಟು ಡಾಲರ್ ಸೋತು ಬಂದ. ಸೊಯ್ಲಾ ಎಣಿಸಿ ನೋಡಿ, "ಯಾಕೆ ಕಮ್ಮಿ?" ಎಂದು ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: "ನಮ್ಮ ಹಾಲು ತೆಳು ಅಂತೆ. ಲೀಟರಿಗೆ ನಲವತ್ನಾಲ್ಕು ಸೆಂಟ್ ಬದಲು ನಲವತ್ತೊಂದೇ ಕೊಟ್ರು." ಮುಂದಿನ ಸಲ ಸರಿಯಾಯಿತು ಎಂದುಬಿಟ್ಟರಾಯಿತು ಎಂದುಕೊಂಡಿದ್ದ. ಆದರೆ ಹದಿನೈದು ದಿನ ಕಳೆದು ಮತ್ತೆ ದುಡ್ಡು ಕೈಗೆ ಬಂದಾಗ, ಆ ಹದಿನೆಂಟು ಡಾಲರನ್ನು ಬೇರೆ ಜೇಬಿಗೆ ಹಾಕಿಕೊಳ್ಳುವುದು ಎಷ್ಟು ಸುಲಭವೆಂದು ಗೊತ್ತಾಯಿತು.

ಸೊಯ್ಲಾ ಜಗಳವಾಡಿದ್ದರೆ ಅವನು ಅವತ್ತೇ ಬಾಯಿಬಿಡುತ್ತಿದ್ದನೇನೋ. ಅವಳು ಜಗಳವಾಡಲಿಲ್ಲ, ಕುಗ್ಗಿಹೋದಳು. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಹಾಲು ಕರೆದವಳು ಅವಳು. ಕೆಳಗಿನ ಹುಲ್ಲು ಸತ್ವವಿಲ್ಲದ್ದೆಂದು ಕಾಲುವೆಯ ಮೇಲಿನ ಇಳಿಜಾರಿಗೆ ಹೋಗಿ ಹುಲ್ಲು ಕೊಯ್ದು ಬೆನ್ನ ಮೇಲೆ ಹೊತ್ತು ತರತೊಡಗಿದಳು. ಮಾಂಸಕ್ಕೆಂದು ಸಾಕಿದ್ದ ತನ್ನ ಗಿನಿ ಹಂದಿಗಳನ್ನು ಮಾರಿ ಹಸುಗಳಿಗೆ ಬಾರ್ಲಿ ತೌಡು ತಂದಳು. ಹಾಲು ಸೋಸುವ ಬಟ್ಟೆಯನ್ನು ದಿನಕ್ಕೆರಡು ಸಲ ಕುದಿಸಿದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೆಂಗಸರು ಹಾಲಿನ ಮಾತೆತ್ತಿದರೆ ಬುಟ್ಟಿ ಎತ್ತಿಕೊಂಡು ಎದ್ದು ಬಿಡುತ್ತಿದ್ದಳು. ಊರಿನಲ್ಲಿ ತನ್ನೊಬ್ಬಳ ಹಾಲಿಗೇ ಬೆಲೆ ಕಡಿಮೆಯೆಂದು ಯಾರಿಗೂ ತಿಳಿಯಬಾರದೆಂಬುದು ಅವಳ ಹಟ. ಅವಳ ಆ ನಾಚಿಕೆಯೇ ಅವನ ಸುಳ್ಳಿಗೆ ಕಾವಲಾಯಿತು. ಹೊರೆ ಇಳಿಸುವಾಗ ಅವಳ ಭುಜದ ಮೇಲೆ ಹಗ್ಗದ ಬರೆ ಕಂಡರೆ ಆಬ್ದೋನ್ ಎದ್ದು ಹೋಗಿ ಹೊರೆಗೆ ಕೈ ಕೊಡುತ್ತಿದ್ದ. ಭಾನುವಾರ ಬಂದರೆ ಮತ್ತೆ ಅಂಗಳಕ್ಕೆ ಹೋಗುತ್ತಿದ್ದ.

ಸಭೆಯಲ್ಲಿ ಹದಿನಾರು ಜೋಡಿ ಸೇರಿದ್ದರು. ನಡುವೆ ಹಾಸಿದ ಬಟ್ಟೆಯ ಮೇಲೆ ಎಲ್ಲರೂ ತಂದ ಬೇಯಿಸಿದ ಆಲೂಗಡ್ಡೆ, ಅವರೆಯಂಥ ದೊಡ್ಡ ಹಸಿಕಾಳು, ಹಸಿ ಚೀಸು. ಮಗಾಲಿ ಎಂಬ ಸಂಘದ ಹುಡುಗಿ ತಲೆಗೊಂದು ಹಾಳೆ, ಪೆನ್ಸಿಲ್ ಹಂಚಿದಳು.

"ಹದಿನೈದು ದಿನಕ್ಕೆ ಮನೆಗೆ ಬಂದದ್ದೆಷ್ಟು, ಹೋದದ್ದೆಲ್ಲಿಗೆ, ಇಬ್ಬರೂ ಬೇರೆ ಬೇರೆ ಬರೀರಿ. ಒಬ್ಬರದು ಒಬ್ರು ನೋಡ್ಬಾರ್ದು. ಆಮೇಲೆ ಎರಡೂ ಹಾಳೆ ಪಕ್ಕಪಕ್ಕ ಇಡೋಣ. ಆಗ್ಲೇ ಮನೆ ಸರಿಯಾಗಿ ಕಾಣೋದು."

"ಮನೆ ಕಾಣೋಕ್ ಮುಂಚೆ ನನ್ ಬೆನ್ನಿಗೆ ಪೊರಕೆ ಕಾಣ್ಸುತ್ತೆ ಮಗಳೆ," ಎಂದ ಮುದುಕ ಲಿಸಾರ್ದೊ.

"ಪೊರಕೆ ದುಡ್ಡೂ ಖರ್ಚಲ್ಲಿ ಬರ್ಕೊ," ಎಂದಳು ಅವನ ಹೆಂಡತಿ ಎತೆಲ್ವಿನಾ. ಎಲ್ಲರೂ ನಕ್ಕರು.

ಆಬ್ದೋನ್ ನಗಲಿಲ್ಲ. ಮಗಾಲಿಯ ತೊಡೆಯ ಮೇಲೆ, ಯಾರಿಗೆಷ್ಟು ಕೊಟ್ಟರೆಂಬ ಹಾಲಿನ ಕೇಂದ್ರದ ಪಟ್ಟಿ ಇತ್ತು. ಮನೆಯಲ್ಲಿ ಹೇಳಿದಂತೆ ಇನ್ನೂರ ನಲವತ್ತಾರು ಡಾಲರ್ ಎಂದು ಬರೆದರೆ ಆ ಹುಡುಗಿಗೆ ಸಿಕ್ಕಿಬೀಳುತ್ತಾನೆ, ನಿಜವಾಗಿ ಬಂದ ಇನ್ನೂರ ಅರವತ್ತನಾಲ್ಕು ಬರೆದರೆ ಹೆಂಡತಿಗೆ. ಹಿಂಡಿ, ಉಪ್ಪು, ಹಸುವಿನ ಔಷಧಿ, ಬಸ್ಸು ಎಂದೆಲ್ಲ ಖರ್ಚು ತುಂಬಿಸಿದ. ಬಂದದ್ದರ ಜಾಗ ಖಾಲಿಯಾಗಿಯೇ ಉಳಿಯಿತು. ಪಕ್ಕದಲ್ಲಿ ಸೊಯ್ಲಾ ನಾಲಗೆ ತುದಿ ಕಚ್ಚಿಕೊಂಡು ದುಂಡಗೆ ಬರೆಯುತ್ತಿದ್ದಳು.

ಬರೆದು ಮುಗಿಸಿದ ಮೇಲೆ ಮಗಾಲಿ ಪಟ್ಟಿ ಎತ್ತಿಕೊಂಡಳು. "ಈ ಊರಿನ ಅತಿ ಒಳ್ಳೆ ಹಾಲು ಯಾವ ಮನೇದು ಗೊತ್ತಾ? ದೋನ್ಯಾ ಸೊಯ್ಲಾ ಅಮ್ಮನವ್ರದು. ಮೂರು ವರ್ಷದಲ್ಲಿ ಒಂದು ಸಲಾನೂ ಕಡಿತ ಆಗಿಲ್ಲ. ಲೀಟರಿಗೆ ನಲವತ್ನಾಲ್ಕು ಅಂದ್ರೆ ನಲವತ್ನಾಲ್ಕೇ."

ಒಂದಿಬ್ಬರು ಚಪ್ಪಾಳೆ ತಟ್ಟಿದರು. ಸೊಯ್ಲಾ ಅಲುಗಾಡಲಿಲ್ಲ. ಗಂಡನ ಕಡೆ ತಿರುಗಲೂ ಇಲ್ಲ. ಮಗಾಲಿ ಬಗ್ಗಿ ಅವಳ ಹಾಳೆ ನೋಡಿದಳು.

"ಇಲ್ಲಿ ನಲವತ್ತೊಂದು ಅಂತ ಬರ್ದಿದೀರಲ್ಲ ದೋನ್ಯಾ?"

ಎತೆಲ್ವಿನಾಳ ಕಣ್ಣು ನಿಧಾನವಾಗಿ ಆಬ್ದೋನನ ಮೇಲೆ ಬಂದು ನಿಂತಿತು. ಅವನ ಕಿವಿ ಕೆಂಡವಾಯಿತು. ಸೊಯ್ಲಾ ಈಗ ಹೇಳುತ್ತಾಳೆ ಎಂದುಕೊಂಡ. ಹೇಳಿಬಿಡಲಿ ಎಂದೂ ಅನ್ನಿಸಿತು.

"ಅಯ್ಯೋ, ನಂಗೆಲ್ಲಿ ಲೆಕ್ಕ ಬರುತ್ತೆ ಮಗಳೆ," ಎಂದಳು ಸೊಯ್ಲಾ. "ನಾಲ್ಕು ಬರಿಯೋಕ್ ಹೋಗಿ ಒಂದು ಬರ್ದಿದೀನಿ. ರಬ್ಬರ್ ಕೊಡು ಇಲ್ಲಿ."

"ಕೆಚ್ಚಲು ಹಿಡಿಯೋ ಕೈಗೆ ಪೆನ್ಸಿಲ್ ಕೊಟ್ರೆ ಇನ್ನೇನಾಗುತ್ತೆ," ಎಂದು ಹಿಂದಿನಿಂದ ಯಾರೋ ಅಂದರು. ಜನ ನಕ್ಕರು. ಸೊಯ್ಲಾ ಕೂಡ ನಕ್ಕಳು. ಸಂತೆಯಲ್ಲಿ ವ್ಯಾಪಾರಿ ಕ್ಯಾಲ್ಕುಲೇಟರ್ ಒತ್ತುವುದಕ್ಕೆ ಮೊದಲೇ ಹತ್ತು ಮೂಟೆ ಆಲೂಗಡ್ಡೆಯ ಲೆಕ್ಕ ಬಾಯಲ್ಲಿ ಹೇಳುವವಳು, ತಲೆ ತಗ್ಗಿಸಿಕೊಂಡು ತಾನು ತಪ್ಪದೆ ಬರೆದಿದ್ದ ಅಂಕಿಯನ್ನು ಉಜ್ಜಿ ಉಜ್ಜಿ ಅಳಿಸಿದಳು. ಆಬ್ದೋನ್ ತನ್ನ ಬೂಟಿನ ಮಣ್ಣು ನೋಡುತ್ತ ಕುಳಿತಿದ್ದ.

ಮನೆಗೆ ಮರಳುವಾಗ ಹೊಸ ಕ್ಯಾನು ಅವಳ ಕೈಯಲ್ಲಿತ್ತು. ತಾನು ಹೊರುತ್ತೇನೆಂದು ಅವನು ಕೈ ಚಾಚಿದರೆ, "ಬೇಡ" ಎಂದಳು. ನೀಲಗಿರಿ ಮರಗಳ ತಿರುವಿನಲ್ಲಿ ಅವನು ಹೆಜ್ಜೆ ಚುರುಕುಮಾಡಿ ಅವಳ ಪಕ್ಕಕ್ಕೆ ಬಂದ.

"ಸೊಯ್ಲಾ, ಆ ದುಡ್ಡು..."

"ಎಲ್ಲಿ ಹೋಯ್ತು ಅಂತ ನಾನು ಕೇಳಿಲ್ಲ. ಚೆಂಡಿನ ಹಿಂದೆ ಹೋಗಿದೆ. ನೀನು ಅಲ್ಲಿ ಆಡೋದು ನಿನ್ನ ಕೂಲಿ ದುಡ್ಡಲ್ಲಿ ಅಂದ್ಕೊಂಡಿದ್ದೆ, ಅಷ್ಟೇ." ಅವಳು ನಿಂತಳು. "ಒಂದು ಮಾತು ಹೇಳು. ಹಾಲು ಚೆನ್ನಾಗಿತ್ತಾ? ಮೊದಲಿಂದ್ಲೂ?"

"ಮೊದಲಿಂದ್ಲೂ."

ಅವಳು ಕ್ಯಾನನ್ನು ಕೆಳಗಿಟ್ಟು ಕಾಲುವೆಯ ಏರಿಯ ಮೇಲೆ ಕುಳಿತುಕೊಂಡಳು.

"ಹಂಗಾದ್ರೆ ಕಂದು ಹಸುನ ಸುಮ್ಮನೆ ಮಾರಿಸಿದ್ನಲ್ಲೋ ನಾನು."

ಹಾಲು ತೆಳುವಾಗುವುದು ಕಂದು ಹಸುವಿನಿಂದ ಎಂದು ಹೋದ ವರ್ಷ ಅವಳೇ ತೀರ್ಮಾನಿಸಿದ್ದಳು. ತಾಯಿ ಸತ್ತ ಕರುವೆಂದು ಅವಳೇ ಬೆರಳು ಚೀಪಿಸಿ ಸಾಕಿದ ಹಸು ಅದು. ಗುರುವಾರ ಸಕಿಸಿಲಿಯ ಸಂತೆಗೆ ಹಗ್ಗ ಹಿಡಿದು ನಡೆಸಿಕೊಂಡು ಹೋದವನು ಆಬ್ದೋನನೇ. ಮೂರು ತಾಸಿನ ದಾರಿ. ದಾರಿಯುದ್ದಕ್ಕೂ, ಈಗ ಹಿಂದಿರುಗಬಹುದು, ಈಗ ಹೇಳಬಹುದು ಎಂದುಕೊಳ್ಳುತ್ತಲೇ ಹೋಗಿ ಕಟುಕನಿಗೆ ಮಾರಿ ಬಂದಿದ್ದ. ಆಮೇಲೊಂದು ದಿನ ಅವಳು, "ಈಗ್ಲಾದ್ರೂ ಬೆಲೆ ಸರಿ ಕೊಟ್ರಾ?" ಎಂದು ಆಸೆಯಿಂದ ಕೇಳಿದ್ದಳು. "ಇಲ್ಲ, ಅಷ್ಟೇ," ಎಂದಿದ್ದ.

ಈಗ ತಪ್ಪಾಯಿತು ಎನ್ನಲು ಬಾಯಿ ತೆರೆದ. ಆ ಮಾತು ತನಗೇ ತೀರಾ ಅಗ್ಗವಾಗಿ ಕಂಡಿತು. ಅವಳು ಸೆರಗಿನಂತೆ ಹೊದ್ದ ಶಾಲಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

"ನಾಳೆಯಿಂದ ಕ್ಯಾನು ನಾನು ಒಯ್ತೀನಿ. ದುಡ್ಡೂ ನಾನೇ ತರ್ತೀನಿ. ನೀನು ಹಾಲು ಕರಿ."

ಹಾಗೆಯೇ ಆಯಿತು. ಮೊದಲ ವಾರ ಹಸುಗಳು ಅವನನ್ನು ಎರಡು ಸಲ ಒದ್ದವು. ರಾತ್ರಿಯ ಊಟಕ್ಕೆ ಚಮಚ ಹಿಡಿಯಲಾಗದಷ್ಟು ಬೆರಳು ನೋಯುತ್ತಿದ್ದವು. ಅವಳು ಬಾರ್ಲಿ ಗಂಜಿಯ ಬಟ್ಟಲನ್ನು ಅವನ ಮುಂದಿಡುತ್ತಿದ್ದಳು. ದುಡ್ಡು ಬಂದ ದಿನ ಮಗಾಲಿ ಹೇಳಿಕೊಟ್ಟಂತೆ ಮೂರು ಡಬ್ಬಿಗಳಲ್ಲಿ ಹಾಕಿದಳು: ಒಂದು ಹಸುಗಳಿಗೆ, ಒಂದು ಮನೆಗೆ, ಒಂದು ಕಷ್ಟಕಾಲಕ್ಕೆ. ಎರಡು ಡಾಲರನ್ನು ಅವನ ತಟ್ಟೆಯ ಪಕ್ಕಕ್ಕಿಟ್ಟು, "ನಿನ್ನ ಭಾನುವಾರಕ್ಕೆ," ಎಂದಳು. ಆ ದುಡ್ಡು ಮೂರು ದಿನ ಅಲ್ಲೇ ಬಿದ್ದಿತ್ತು.

ಅದಕ್ಕಿಂತ ಹೆಚ್ಚಾಗಿ ಅವನನ್ನು ತಿಂದದ್ದು ಊರಿನ ತಮಾಷೆ. ಸೊಯ್ಲಾ ಅಂಗಡಿಯಲ್ಲಿ ಮೊಟ್ಟೆ ಕೇಳಿದರೆ, "ನಾಲ್ಕೋ ಒಂದೋ, ಸರಿಯಾಗಿ ನೋಡ್ಕೊಂಡು ಹೇಳಮ್ಮ," ಎನ್ನುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಒಂದು ಸಲ ಅವನೂ ಅಲ್ಲೇ ನಿಂತಿದ್ದ, ಅವನೂ ಸುಮ್ಮನಿದ್ದ. ಅವತ್ತು ಮನೆಗೆ ಬಂದವನು ಊಟ ಮಾಡಲಿಲ್ಲ.

ಮುಂದಿನ ತಿಂಗಳ ಸಭೆಯಲ್ಲಿ, ಮಗಾಲಿ ಮಾತು ಶುರುಮಾಡುವ ಮೊದಲೇ, ಆಬ್ದೋನ್ ಎದ್ದು ನಿಂತು ಟೋಪಿ ತೆಗೆದ.

"ಹೋದ್ಸಲ ಸೊಯ್ಲಾ ತಪ್ಪು ಬರ್ದಿರ್ಲಿಲ್ಲ. ನಾನು ಮನೇಲಿ ನಲವತ್ತೊಂದು ಅಂತ ಹೇಳ್ತಿದ್ದೆ. ಹಾಲು ತೆಳು ಅಂತ ಸುಳ್ಳು ಹೇಳ್ದೆ. ಉಳಿದದ್ದು ಬಾಜಿಗೆ ಹಾಕ್ದೆ. ಮೂರು ವರ್ಷ. ಅವಳ ಹಾಲಲ್ಲೂ ತಪ್ಪಿಲ್ಲ, ಲೆಕ್ಕದಲ್ಲೂ ತಪ್ಪಿಲ್ಲ."

ಅವನ ಜೊತೆ ಅಂಗಳದಲ್ಲಿ ಆಡುತ್ತಿದ್ದ ಗಂಡಸರು ಕಿಟಕಿಯಾಚೆ ನೋಡಿದರು. ಲಿಸಾರ್ದೊ ಕೂಡ ಏನೂ ತಮಾಷೆ ಮಾಡಲಿಲ್ಲ. ಹೇಳಿದರೆ ಹಗುರವಾಗುತ್ತದೆಂದು ಆಬ್ದೋನ್ ಎಣಿಸಿದ್ದ. ಹಗುರವಾಗಲಿಲ್ಲ. ಸೊಯ್ಲಾ ಅವನ ಅಂಗಿಯ ತುದಿ ಎಳೆದು, "ಕೂತ್ಕೊ," ಎಂದಳು, ಮೆಲ್ಲಗೆ. ಅವಳ ಮುಖವೂ ಕೆಂಪಾಗಿತ್ತು. ಸಿಟ್ಟೋ ಮತ್ತೇನೋ ಅವನಿಗೆ ತಿಳಿಯಲಿಲ್ಲ.

ಸಭೆ ಮುಗಿದ ಮೇಲೆ ಅವಳು ಹೆಂಗಸರ ಗುಂಪಿನೊಡನೆ ಮುಂದೆ ನಡೆದಳು. ಎತೆಲ್ವಿನಾ ಅವಳ ತೋಳು ಹಿಡಿದುಕೊಂಡು ಹಾಲಿನ ಬಗ್ಗೆ, ತೌಡಿನ ಬಗ್ಗೆ ಏನೇನೋ ಕೇಳುತ್ತಿದ್ದಳು, ಸೊಯ್ಲಾ ಕೈಯಾಡಿಸಿ ಉತ್ತರ ಹೇಳುತ್ತಿದ್ದಳು. ಆಬ್ದೋನ್ ಇಪ್ಪತ್ತು ಹೆಜ್ಜೆ ಹಿಂದೆ ಒಬ್ಬನೇ ಬರುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಎತೆಲ್ವಿನಾ ತಿರುಗಿ ನಿಂತಳು.

"ಏ ಆಬ್ದೋನ್, ಕರಿಯೋಕ್ ಮುಂಚೆ ಬಿಸಿನೀರಲ್ಲಿ ಕೈ ಅದ್ದಿಕೊ. ತಣ್ಣನೆ ಕೈ ಹಾಕಿದ್ರೆ ಹಸು ಒದೀದೆ ಇನ್ನೇನ್ ಮಾಡುತ್ತೆ?"

ಹೆಂಗಸರು ನಕ್ಕರು. ಸೊಯ್ಲಾ ನಕ್ಕಳೋ ಇಲ್ಲವೋ ಹಿಂದಿನಿಂದ ಕಾಣಲಿಲ್ಲ.

"ಆಗ್ಲಿ ದೋನ್ಯಾ," ಎಂದ ಆಬ್ದೋನ್. ತಲೆ ಎತ್ತದೆ, ಅವರನ್ನು ಹಿಂದೆ ಹಾಕದೆ, ಅಷ್ಟೇ ದೂರ ಬಿಟ್ಟುಕೊಂಡು ನಡೆದ.