ಪ್ರತಿಕಾಯವಿಲ್ಲದ ಕಂದು ಚುಕ್ಕೆ

ಇಲಿಯ ಮಿದುಳನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆಚ್ಚುತ್ತಾಳೆಂದು ಪ್ರಯೋಗಾಲಯದಲ್ಲಿ ಅವಳಿಗೆ ‘ಹೆಚ್ಚೋ ಅಕ್ಕ’ ಎಂದೇ ಹೆಸರು. ಅಲ್ಝೈಮರ್ ಬಂದ ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಗಂಟುಗಂಟಾಗಿ ಕೂರುತ್ತದೆ. ಪ್ರಯೋಗಾಲಯದ ದೊಡ್ಡ ಸಾಹೇಬರು ತಯಾರಿಸಿದ ಪ್ರತಿಕಾಯ, ಅಂದರೆ ಆಂಟಿಬಾಡಿ, ಆ ಗಂಟನ್ನೇ ಹುಡುಕಿ ಹಿಡಿಯುತ್ತದಂತೆ; ಹಿಡಿದ ಕಡೆ ಬಣ್ಣ ಹಾಕಿದರೆ ಕಂದು ಚುಕ್ಕೆ. ಆ ಚುಕ್ಕೆಗಳನ್ನು ನಂಬಿಯೇ ಅವಳು ಅತ್ತಿಗೆಯನ್ನು ಕಾಡಿ ಬೇಡಿ, ಮರೆವಿಗೆ ಸಿಕ್ಕಿದ ಅಣ್ಣನ ಹೆಸರನ್ನು, ಅದೇ ಪ್ರತಿಕಾಯದ ಔಷಧಿಯನ್ನು ಮನುಷ್ಯರಿಗೆ ಕೊಟ್ಟು ನೋಡುವ ಪರೀಕ್ಷೆಗೆ ಬರೆಸಿದ್ದಳು. ಸೋಮವಾರ ಮೊದಲ ಡೋಸು.

ಗುರುವಾರ ಬೆಳಿಗ್ಗೆ, ಅಣ್ಣನ ಸರದಿ ಹತ್ತಿರ ಬಂತೆಂದು ಮನಸ್ಸು ತಡೆಯದೆ, ಅವಳು ಪ್ರತಿಕಾಯ ಹಾಕದೆ, ಬರೀ ಬಣ್ಣ ಹಾಕಿ ಮೂರು ಸ್ಲೈಡು ಮಾಡಿದಳು. ಪ್ರತಿಕಾಯವಿಲ್ಲದೆ ಚುಕ್ಕೆ ಮೂಡಬಾರದು; ಪ್ರತಿ ಸಲವೂ ಮಾಡಿ ನೋಡಬೇಕಾದ ಕೆಲಸವದು. ಸಮಯ ದಂಡವೆಂದು ಸಾಹೇಬರು ಎರಡು ವರ್ಷದ ಹಿಂದೆಯೇ ನಿಲ್ಲಿಸಿದ್ದರು. ನೋಡಿದರೆ ಅವುಗಳಲ್ಲೂ ಕಂದು ಚುಕ್ಕೆ! ಇಲಿಯ ಮೈಯಲ್ಲೇ ಇದ್ದ ಪ್ರತಿಕಾಯಗಳಿಗೆ ಬಣ್ಣ ತಾನೇ ಹೋಗಿ ಅಂಟಿಕೊಂಡಿತ್ತು. ಇಷ್ಟು ದಿನ ಎಲ್ಲರೂ ಬೀಗಿದ್ದು ಇದಕ್ಕೇ.

“ಸ್ಲೈಡು ತೊಳೆಯೋದ್ರಲ್ಲಿ ಎಡವಟ್ಟು ಮಾಡಿದೀಯ,” ಎಂದರು ಸಾಹೇಬರು, ಕಣ್ಣೂ ಹಾಯಿಸದೆ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ತೊಳೆದ ಕೈ ಇವತ್ತು ಎಡವಿತೇ? ಪ್ರತಿಕಾಯ ಹಾಕಿದ ಮೂರು, ಹಾಕದ ಮೂರು, ಒಟ್ಟು ಆರು ಸ್ಲೈಡುಗಳ ಚೀಟಿ ಕಾಣದಂತೆ ಟೇಪು ಅಂಟಿಸಿ, ಮಧ್ಯಾಹ್ನದ ಸಭೆಯಲ್ಲಿ ಸೂಕ್ಷ್ಮದರ್ಶಕದ ಪಕ್ಕ ಇಟ್ಟಳು.

“ಸರ್, ನಿಮ್ಮ ಪ್ರತಿಕಾಯ ಹಿಡಿದಿರೋ ಮೂರನ್ನ ಆರಿಸಿಕೊಡಿ.”

“ಇದನ್ನ ನೋಡಿ, ಎಷ್ಟು ಚೊಕ್ಕವಾಗಿದೆ!” ಸಾಹೇಬರು ಹಿಗ್ಗಿ ಮೂರು ಎತ್ತಿಕೊಟ್ಟರು. ಅವಳು ಎಲ್ಲರೆದುರು ಟೇಪು ಕಿತ್ತಳು. ಎರಡರಲ್ಲಿ ಪ್ರತಿಕಾಯವೇ ಇರಲಿಲ್ಲ.

“ಪರೀಕ್ಷೆ ಶುರುವಾಗ್ಲಿ, ಆಮೇಲೆ ನೋಡೋಣ,” ಎಂದರು ಸಾಹೇಬರು. “ಇದ್ರಿಂದ ಯಾರಿಗೇನಾಗುತ್ತೆ?”

“ಮಿದುಳು ಊದ್ಕೋಬಹುದು, ರಕ್ತ ಒಸರಬಹುದು ಅಂತ ಒಪ್ಪಿಗೆ ಪತ್ರದಲ್ಲಿ ನೀವೇ ಬರೆದಿದೀರಲ್ಲ ಸರ್! ಅವರೆಲ್ಲ ಮನುಷ್ಯರು, ಇಲಿಗಳಲ್ಲ.”

ಪರೀಕ್ಷೆಗೆ ಅನುಮತಿ ಕೊಟ್ಟ ಸಮಿತಿಗೆ ಆರೂ ಸ್ಲೈಡುಗಳ ಫೋಟೋ ಕಳಿಸಿದ ಮೇಲೆಯೇ ಅವಳು ಕಾರಿಡಾರಿಗೆ ಬಂದು ಅತ್ತಿಗೆಗೆ ಫೋನು ಮಾಡಿದ್ದು.

“ಅತ್ತಿಗೆ, ಸೋಮವಾರ ಅಣ್ಣನ್ನ ಕರ್ಕೊಂಡ್ ಬರ್ಬೇಡಿ. ಆ ಔಷಧಿ ಕೆಲಸ ಮಾಡುತ್ತೆ ಅನ್ನೋಕೆ ಆಧಾರವೇ ಇಲ್ಲ.”

ಅತ್ತಿಗೆಯ ದನಿ ಏರಿತು.

“ನೀನೇ ತಾನೇ ದುಂಬಾಲು ಬಿದ್ದು ಸೈನ್ ಹಾಕ್ಸಿದ್ದು? ಈ ಪರೀಕ್ಷೆಗೋಸ್ಕರ ಹಳೇ ಮಾತ್ರೆ ಬಿಡ್ಸಿ ಆರು ವಾರ ಆಯ್ತು. ನಿನ್ನೆಯಿಂದ ನನ್ನನ್ನೇ ‘ಯಾರಮ್ಮ ನೀವು’ ಅಂತಿದಾರೆ. ಅವ್ರಿಗೆ ನಾನು ಏನಂತ ಹೇಳ್ಲಿ?”

ಸಾಹೇಬರ ಮೇಲಿದ್ದ ಸಿಟ್ಟು ಅವಳತ್ತಲೇ ತಿರುಗಿ ನಿಂತಿತು. “ನಾನೇ ಬಂದು ಹೇಳ್ತೀನಿ ಅತ್ತಿಗೆ,” ಎಂದು ಅವಳು ಚೀಲ ತೆಗೆದುಕೊಳ್ಳಲು ಒಳಗೆ ನಡೆದಳು.