ಶಾಲಿಗೆ ಬಿದ್ದ ಅರಿಶಿಣ

ನಾನೊಂದು ಉಣ್ಣೆಯ ಶಾಲು. ಬಣ್ಣ ಹಾಲುಕೆನೆಯದು, ಸ್ವಭಾವ ಸಿಡುಕಿನದು. ಬಿಸಿನೀರು ಬಿದ್ದರೆ ಮುದುಡುತ್ತೇನೆ, ಉಜ್ಜಿದರೆ ಗಂಟುಕಟ್ಟುತ್ತೇನೆ, ಹಿಂಡಿದರಂತೂ ಮುಗಿಯಿತು! ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಡೋಲ್ಮಾ ಎಂಬಾಕೆ ನನ್ನನ್ನು ಹೆಣೆದಳು. ಹರಟುತ್ತಾ ಹೆಣೆದು ಎರಡು ಕಡೆ ಎಳೆ ತಪ್ಪಿಸಿದಳು. ಆ ಸಿಟ್ಟು ನನಗೆ ಇನ್ನೂ ಇದೆ.

ಚಳಿಗಾಲಕ್ಕೆ ಧಾರವಾಡದ ರಸ್ತೆ ಬದಿಯ ಸ್ವೆಟರ್ ಅಂಗಡಿಗೆ ಬಂದೆ. ಶಿವಪುತ್ರಪ್ಪ ಮಾಸ್ತರರು ನನ್ನನ್ನು ಕೊಂಡು, ಹೆಂಡತಿ ನೀಲಗಂಗವ್ವನ ಹೆಗಲಿಗೆ ತಾವೇ ಹೊದಿಸಿದರು. ಮುಂದಿನ ಚಳಿಗಾಲಕ್ಕೆ ಅವರೇ ಇರಲಿಲ್ಲ. ನೀಲಗಂಗವ್ವ ನನ್ನನ್ನು ಟ್ರಂಕಿಗೆ ಸೇರಿಸಿದಳು. ತಾನೂ ಹೊದೆಯಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ. ಹನ್ನೊಂದು ವರ್ಷ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಚಡಪಡಿಸಿದೆ.

ಆಮೇಲೆ ಸೊಸೆ ಕಸ್ತೂರಿ ಬಂದಳು. ಮದುವೆಯಾಗಿ ಮೂರು ತಿಂಗಳು. ಅತ್ತೆಯ ಬಾಯಲ್ಲಿ ಈಗಷ್ಟೇ ಒಂದೆರಡು ಒಳ್ಳೆ ಮಾತು ಕೇಳತೊಡಗಿದ್ದಳು. ಅತ್ತೆ ಗದಗಿಗೆ ಮಗಳ ಮನೆಗೆ ಹೋಗಿದ್ದಾಗ ಎದುರುಮನೆಯ ಶಂಕ್ರವ್ವನ ಮಗಳಿಗೆ ಅರಿಶಿಣ ಹಚ್ಚುವ ಶಾಸ್ತ್ರ ಬಂತು. ಗಡಗಡ ನಡುಗುವ ಚಳಿ. "ಒಂದ್ ತಾಸು ಹೊದ್ಕೊಂಡ್ರ ಏನಾಗತೈತಿ?" ಎಂದು ಕಸ್ತೂರಿ ನನ್ನನ್ನು ತೆಗೆದೇಬಿಟ್ಟಳು. ಅಬ್ಬಾ, ಗಾಳಿ!

ಆದರೆ ಯಾವಳೋ ಚೇಷ್ಟೆಗಾರ್ತಿ, ಮದುಮಗಳಿಗೆ ಕಲಸಿದ ಅರಿಶಿಣವನ್ನು ಕಸ್ತೂರಿಯ ಕೆನ್ನೆಗೆ ಬಳಿಯಲು ಬಂದು ನನ್ನ ಮೇಲೆ ಚೆಲ್ಲಿದಳು.

ಕಸ್ತೂರಿ ಮನೆಗೆ ಓಡಿದಳು. ಅತ್ತೆ ನಾಲ್ಕರ ಬಸ್ಸಿಗೆ ಬರುವವಳು. ಗಾಬರಿಯಲ್ಲಿ ಬಟ್ಟೆ ಸೋಪು ತಿಕ್ಕಿದಳು ನೋಡಿ, ಹಳದಿ ಹೋಗಿ ಕೆಂಪು ಓಕುಳಿಯೇ ಆಯಿತು! "ಅಯ್ಯೋ ಶಿವನೇ! ಮಾವನೋರು ಕೊಟ್ಟದ್ದು! ಅತ್ತಿ ಇನ್ನ ನನ್ನ ಮಾರಿ ನೋಡೂದಿಲ್ಲ" ಎಂದು ಅಳುತ್ತಾ ಮತ್ತಷ್ಟು ತಿಕ್ಕಿದಳು. ನನಗೆ ಪ್ರಾಣವೇ ಹೋದಂತಾಯಿತು.

ಅಳು ಕೇಳಿ ಶಂಕ್ರವ್ವ ಬಂದಳು. "ಏ ಹುಚ್ಚಿ, ಅರಿಶಿಣಕ್ಕ ಸೋಪ್ ಹಚ್ಚತಾರೇನ? ಬಿಡು, ತಿಕ್ಕಬ್ಯಾಡ!" ನಿಂಬೆರಸ ಹನಿಸಿದಳು, ಕೆಂಪು ಮತ್ತೆ ಹಳದಿಗೆ ಇಳಿಯಿತು. ಮದುವೆಯ ರೇಷ್ಮೆ ಸೀರೆಗಳಿಗೆಂದು ನೆನೆಸಿಟ್ಟಿದ್ದ ಅಂಟವಾಳದ ನೀರು ತಂದು, ತಣ್ಣೀರಿಗೆ ಬೆರೆಸಿ, ನನ್ನನ್ನು ಅದ್ದಿ ಅದ್ದಿ ತೆಗೆದಳು. ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹಾಸಿದಳು. ತಿಳಿಹಳದಿ ಕಲೆಯೊಂದು ಉಳಿಯಿತು. "ನಾಳಿ ಬಿಸಲಿಗೆ ಹಾಕು, ಅದೂ ಹಾರಿಹೋಗತೈತಿ" ಎಂದು ಹೇಳಿ ಹೋದಳು.

ನಾಳೆಯವರೆಗೆ ಯಾರು ಕಾಯುತ್ತಾರೆ? ನೀಲಗಂಗವ್ವ ಬಾಗಿಲಲ್ಲೇ ನನ್ನನ್ನು ಕಂಡಳು. ಕೈಚೀಲ ಕೆಳಗಿಟ್ಟಳು.

"ಅತ್ತೀ, ತಪ್ಪಾತ್ರಿ. ಕೇಳದ ತಗೊಂಡೆ. ಮದುವಿ ಮನ್ಯಾಗ ಅರಿಶಿಣ ಬಿತ್ತು. ನಾಳಿ ಬಿಸಲಿಗೆ ಹಾಕಿದ್ರ ಪೂರಾ ಹೋಗತೈತ್ರಿ."

ಬೈಗುಳಕ್ಕೆ ನಾನೂ ಕಾದೆ. ನೀಲಗಂಗವ್ವ ಕುಕ್ಕರಗಾಲಲ್ಲಿ ಕೂತು ಕಲೆಯ ಮೇಲೆ ಬೆರಳಾಡಿಸಿದಳು. ಬೆರಳು ಮೂಸಿದಳು.

"ಅವರು ಹೋದ ಮ್ಯಾಲ ಯಾರ ಮನ್ಯಾಗೂ ನನಗ ಅರಿಶಿಣ ಕೊಟ್ಟಿಲ್ಲವ್ವಾ," ಎಂದಳು. "ಬಿಸಲಿಗೆ ಹಾಕಬ್ಯಾಡ. ನೆರಳಾಗ ಒಣಗಲಿ."

ಈಗ ನನಗೆ ವಯಸ್ಸಾಯಿತು. ಅಂಚು ಎಳೆಬಿಟ್ಟಿದೆ, ನುಸಿ ತಿಂದ ತೂತುಗಳಿವೆ. ಆದರೂ ಟ್ರಂಕಿನ ವಾಸ ತಪ್ಪಿತು. ಚಳಿಗಾಲವೆಲ್ಲ ನೀಲಗಂಗವ್ವನ ಹೆಗಲೇ ನನ್ನ ಮನೆ. ಬೆಳಗ್ಗೆ ಕಟ್ಟೆಯ ಮೇಲೆ ಬಿಸಿಲು ಕಾಯಿಸಲು ಕೂತಾಗ, ಅವಳು ಆ ಕಲೆಯ ಭಾಗವನ್ನು ಒಳಕ್ಕೆ ಮಡಚಿ, ಕೊರಳಿಗೆ ತಾಗುವಂತೆ ಹೊದ್ದುಕೊಳ್ಳುತ್ತಾಳೆ.